ಕೈಗೆ ಕೊಡದ ಮೆಣಸಿನಕಾಯಿ

ನಮ್ಮ ಮನೆಯಲ್ಲಿ ಮೆಣಸಿನಕಾಯಿಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಬರುತ್ತದೆ ಎಂಬುದು ಅಜ್ಜಿಯ ನಂಬಿಕೆ. ಕೊಡುವವರು ನೆಲದ ಮೇಲೋ ಮೊರದಲ್ಲೋ ಇಡಬೇಕು, ಬೇಕಾದವರು ಅಲ್ಲಿಂದ ಎತ್ತಿಕೊಳ್ಳಬೇಕು. ಅಮ್ಮ ಒಲೆಯ ಮುಂದೆ ಕೂತು ಎರಡು ಹಸಿಕಾಯಿ ಕೇಳಿದರೆ ನಾನು ಹಿತ್ತಿಲಿನಿಂದ ಕಿತ್ತು ತಂದು ಅವಳ ಮೊಣಕಾಲಿನ ಪಕ್ಕ ನೆಲಕ್ಕಿಟ್ಟು ಓಡುತ್ತಿದ್ದೆ. ಇಷ್ಟೆಲ್ಲ ಎಚ್ಚರಿಕೆ ಇದ್ದರೂ ಮನೆಯಲ್ಲಿ ಜಗಳಕ್ಕೇನೂ ಬರವಿರಲಿಲ್ಲ. ಅಜ್ಜಿಗೂ ಅಮ್ಮನಿಗೂ ಬೆಳಗಿನ ಸಗಣಿ ನೀರಿನಿಂದ ಹಿಡಿದು ರಾತ್ರಿಯ ದೀಪದ ಬತ್ತಿಯವರೆಗೆ ಒಂದಲ್ಲ ಒಂದು ಮಾತು ನಡೆದೇ ಇರುತ್ತಿತ್ತು. ಇಬ್ಬರೂ ಗಟ್ಟಿಯಾಗಿ ಕೂಗಾಡಿ, ಆಮೇಲೆ ಒಂದೇ ಎಲೆಯಡಿಕೆ ಚೀಲಕ್ಕೆ ಕೈ ಹಾಕುತ್ತಿದ್ದರು. ಜಗಳವೇ ಇಲ್ಲದಿದ್ದದ್ದು ಅಜ್ಜಿ ಮತ್ತು ಅಪ್ಪನ ನಡುವೆ. ಅಲ್ಲಿ ಮಾತ್ರ ಅದು ಬರಬೇಕಾಗಿತ್ತು, ಬರುತ್ತಿರಲಿಲ್ಲ. ನಾನು ಇವತ್ತು ಎಂಥ ಹೆಂಗಸಾಗಿದ್ದೇನೋ ಅದಕ್ಕೆ ಅರ್ಧ ಕಾರಣ ಆ ಬಾರದ ಜಗಳ ಎಂದು ನನಗೆ ಅನ್ನಿಸುತ್ತದೆ.

ನಮ್ಮದು ಜಯನಗರದ ಅಂಚಿನಲ್ಲಿದ್ದ ಎರಡು ಕೋಣೆಯ ಹೆಂಚಿನ ಮನೆ. ಆಗಿನ್ನೂ ಸುತ್ತಮುತ್ತ ಅರ್ಧಕ್ಕರ್ಧ ಸೈಟುಗಳು ಖಾಲಿ ಬಿದ್ದಿದ್ದವು. ಮೂಲೆಮೂಲೆಗೆ ನೆಟ್ಟ ಕಲ್ಲುಗಳು, ನಡುವೆ ಜಾಲಿ, ಲಂಟಾನ, ಮೇಯುವ ಕತ್ತೆಗಳು. ಮುಂದಿನ ಕೋಣೆಯಲ್ಲಿ ನಾವೆಲ್ಲ ಮಲಗುವುದು, ಹಿಂದಿನದರಲ್ಲಿ ಅಡುಗೆ. ಅಡುಗೆಮನೆಯ ಮೂಲೆಯಲ್ಲೇ ಬಚ್ಚಲು, ಅದರ ಪಕ್ಕದ ಬಾಗಿಲು ತೆಗೆದರೆ ಹಿತ್ತಿಲು. ಹಿತ್ತಿಲೆಂದರೆ ಹಾಸಿದ ನಾಲ್ಕು ಚಾಪೆಯಷ್ಟು ಜಾಗ, ಪಶ್ಚಿಮಕ್ಕೆ ಮುಖ ಮಾಡಿಕೊಂಡಿತ್ತು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಕಾಲಿಡಲಾಗುತ್ತಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಒಂದು ಸಣ್ಣ ಪಾತಿ, ಗೋಡೆಯುದ್ದಕ್ಕೂ ತೂತು ಕೊರೆದ ಸೀಮೆಎಣ್ಣೆ ಡಬ್ಬಗಳು. ಎಲ್ಲದರಲ್ಲೂ ಮೆಣಸಿನ ಗಿಡ. ಬೇರೆ ಹೂವಿನ ಗಿಡವನ್ನಾಗಲಿ, ತುಳಸಿಯೊಂದನ್ನು ಬಿಟ್ಟು ಬೇರೇನನ್ನಾಗಲಿ ಅಜ್ಜಿ ಅಲ್ಲಿಗೆ ಬಿಟ್ಟುಕೊಂಡಿರಲಿಲ್ಲ.

ಆ ಗಿಡಗಳಿಗೂ ಅಪ್ಪನಿಗೂ ಒಂದು ಹಳೆಯ ಲೆಕ್ಕವಿತ್ತು. ಯಡಿಯೂರು ಕೆರೆಯ ಆಚೆ ನಮ್ಮದೊಂದು ಹೊಲವಿತ್ತಂತೆ. ರಾಗಿ, ಅವರೆ, ಬಾವಿಯ ಹತ್ತಿರದ ಒಂದು ತುಂಡಿನಲ್ಲಿ ಅಜ್ಜಿಯ ಮೆಣಸಿನ ಮಡಿ. ತಾತ ಬೇಗ ತೀರಿಕೊಂಡಿದ್ದರಿಂದ ಉಳುಮೆಯಿಂದ ಸಂತೆಯವರೆಗೆ ಎಲ್ಲವನ್ನೂ ಅಜ್ಜಿಯೇ ನೋಡಿಕೊಂಡಿದ್ದಳು. ಬಡಾವಣೆಗೆಂದು ಸರ್ಕಾರದವರು ಆ ಕಡೆಯ ಹೊಲಗಳನ್ನೆಲ್ಲ ಅಳೆಯಲು ಬಂದಾಗ ಅಪ್ಪನಿಗೆ ಅಳತೆಯವರ ಜೊತೆ ಸರಪಳಿ ಹಿಡಿಯುವ ಕೆಲಸ ಸಿಕ್ಕಿತ್ತು. ಊರಿನ ಬೇರೆಯವರ ಹೊಲಗಳಾದ ಮೇಲೆ ಒಂದು ದಿನ ನಮ್ಮ ಹೊಲದ ಸರದಿಯೂ ಬಂತು. ಸರಪಳಿಯ ಒಂದು ತುದಿ ಹಿಡಿದು ಅಪ್ಪ ಹಿಂದೆ ಸರಿಯುತ್ತ ಸರಿಯುತ್ತ, ಕಾಯಿ ತುಂಬಿ ನಿಂತಿದ್ದ ಮೆಣಸಿನ ಮಡಿಯೊಳಗೆ ಹೋಗಿ ನಿಂತ. ಅಜ್ಜಿ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಅವನು ಸರಪಳಿ ಎಳೆದು ಬಿಗಿ ಮಾಡಿದಾಗ ಒಂದಷ್ಟು ಗಿಡಗಳು ಮುರಿದು ಬಿದ್ದವು. ಅಳತೆ ಮುಗಿದ ಮೇಲೆ ಅಜ್ಜಿ ಎದ್ದುಹೋಗಿ, ಮುರಿದ ಗಿಡಗಳಿಂದ ಹಣ್ಣು ಮಾತ್ರ ಕಿತ್ತು ಸೆರಗಿಗೆ ಹಾಕಿಕೊಂಡು ಮನೆಗೆ ಬಂದಳು. ಆಗ ನಾನು ತೊಟ್ಟಿಲಲ್ಲಿದ್ದೆ. ಇದನ್ನೆಲ್ಲ ನನಗೆ ಹೇಳಿದವಳು ಅಮ್ಮ, ಅದೂ ಅಪ್ಪ ಇಲ್ಲದ ಹೊತ್ತು ನೋಡಿ.

ಅಪ್ಪ ಸರಪಳಿ ಹಿಡಿಯದಿದ್ದರೂ ಹೊಲ ಹೋಗುತ್ತಿತ್ತು. ಊರಿಗೆ ಊರೇ ಹೋಯಿತು. ಇದು ಎಲ್ಲರಿಗೂ ಗೊತ್ತಿದ್ದ ಮಾತು, ಅಜ್ಜಿಗೂ ಗೊತ್ತಿತ್ತು. ಅಪ್ಪನಿಗೆ ಮಾತ್ರ ಅದು ತಲೆಗೆ ಹೋಗಲಿಲ್ಲ. ಆವತ್ತಿನಿಂದ ಅವನು ತನ್ನ ತಾಯಿಯ ಮುಂದೆ ತಲೆ ಎತ್ತಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಅಜ್ಜಿ ಏನು ಹೇಳಿದರೂ "ಹೂಂ ಅವ್ವ." ಅವಳು ತಪ್ಪು ಹೇಳಿದರೂ "ಹೂಂ ಅವ್ವ." ಅವಳು ಬೇಕೆಂದೇ ಕೆಣಕಿದರೂ ಅಷ್ಟೇ. ಅಜ್ಜಿ ಜಗಳಗಂಟಿ, ಅದನ್ನು ಅವಳೇ ಹೆಮ್ಮೆಯಿಂದ ಒಪ್ಪಿಕೊಳ್ಳುತ್ತಿದ್ದಳು. ಮೊದಲೆಲ್ಲ ತಾಯಿ ಮಗ ಬಾವಿಕಟ್ಟೆಯ ಮೇಲೆ ನಿಂತು ಕೂಗಾಡಿದರೆ ಪಕ್ಕದ ಹೊಲದವರು ಕೆಲಸ ಬಿಟ್ಟು ಕೇಳಿಸಿಕೊಳ್ಳುತ್ತಿದ್ದರಂತೆ. ಅಂಥ ಮಗ ಈಗ ಹಿಟ್ಟಿನ ಗೊಂಬೆಯ ಹಾಗೆ ಕೂತಿರುವುದು ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಅವನನ್ನು ಮಾತಿಗೆಳೆಯಲು ಅವಳು ಹೂಡುತ್ತಿದ್ದ ಒಂದು ಉಪಾಯ ನೆನಪಿದೆ. ಭಾನುವಾರ ಮುದ್ದೆಗೆ ಹಸಿಮೆಣಸಿನಕಾಯಿ ಗೊಜ್ಜು ತಾನೇ ಅರೆಯುತ್ತಿದ್ದಳು. ವಾರದಿಂದ ವಾರಕ್ಕೆ ಅದರಲ್ಲಿ ಕಾಯಿ ಹೆಚ್ಚುತ್ತಿತ್ತು. ಅಪ್ಪ ಮುದ್ದೆ ಮುರಿದು, ಅದ್ದಿ, ನುಂಗುತ್ತಿದ್ದ. ಹಣೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತಿತ್ತು, ಮೂಗು ಸೋರುತ್ತಿತ್ತು.

"ಹೆಂಗೈತೆ?" ಎಂದು ಅಜ್ಜಿ ಎದುರಿಗೇ ಕೂತು ಕೇಳುತ್ತಿದ್ದಳು.

"ಚೆನ್ನಾಗೈತೆ ಅವ್ವ."

"ಖಾರ ಜಾಸ್ತಿ ಆಗಿಲ್ವ?"

"ಇಲ್ಲ ಅವ್ವ, ಸರಿಯಾಗೈತೆ."

ಅಜ್ಜಿ ತಟ್ಟೆ ಎತ್ತಿಕೊಂಡು ದಡದಡನೆ ಬಚ್ಚಲಿಗೆ ಹೋಗುತ್ತಿದ್ದಳು. ಅವಳಿಗೇಕೆ ಕೋಪ ಬಂತೆಂದು ನನಗೆ ಆಗ ತಿಳಿಯುತ್ತಿರಲಿಲ್ಲ. ಅಪ್ಪ ಒಳ್ಳೆಯವನು, ಹೊಗಳಿದ, ಆದರೂ ಅಜ್ಜಿ ಸಿಟ್ಟಾದಳು, ಹಾಗಾದರೆ ನಾವೇ ಏನೋ ತಪ್ಪು ಮಾಡಿರಬೇಕು ಎಂದುಕೊಂಡು ನಾನು ನನ್ನ ಪಾಲಿನ ಗೊಜ್ಜನ್ನೂ ಕಣ್ಣೀರು ಸುರಿಸಿಕೊಂಡು ಮುಗಿಸುತ್ತಿದ್ದೆ. ತಪ್ಪು ಮಾಡದೆಯೇ ತಪ್ಪಿತಸ್ಥಳ ಹಾಗೆ ಕೂರುವುದನ್ನು ನಾನು ಕಲಿತದ್ದು ಆ ತಟ್ಟೆಯ ಮುಂದೆ.

ಬೇಸಿಗೆ ಬಂದರೆ ಅಜ್ಜಿಯ ಇಡೀ ದಿನ ಆ ಗಿಡಗಳ ಸುತ್ತ ಸುತ್ತುತ್ತಿತ್ತು. ಬೆಳಕು ಹರಿಯುವ ಮುಂಚೆ ಒಂದು ಸಲ ನೀರು, ಬಿಸಿಲು ಇಳಿದ ಮೇಲೆ ಬೇಕೆನಿಸಿದರೆ ಇನ್ನೊಂದು ಸಲ. ಅದೂ ಬುಡಕ್ಕೆ, ಎಲೆಗಲ್ಲ. ತಗಡಿನ ಡಬ್ಬ ಕಾದು ಬೇರು ಬೆಂದುಹೋಗುತ್ತದೆಂದು ಪ್ರತಿ ಡಬ್ಬಕ್ಕೂ ಗೋಣಿಚೀಲ ಸುತ್ತಿ, ಆ ಗೋಣಿಯನ್ನು ಒದ್ದೆ ಮಾಡುತ್ತಿದ್ದಳು. ಬುಡದಲ್ಲಿ ಬೆರಳಿನ ದಪ್ಪ ರಾಗಿಹುಲ್ಲು. ಪಶ್ಚಿಮದ ಬಿಸಿಲಿಗೆ ಅಡ್ಡವಾಗಿ ಎರಡು ಗಳುಗಳ ನಡುವೆ ಅಪ್ಪನ ಹಳೆಯ ಪಂಚೆ. ಪಂಚೆ ಸವೆದು ತೆಳ್ಳಗಾಗಿರಬೇಕು, ಬೆಳಕು ಒಳಗೆ ಬರಬೇಕು. ಎಲೆ ಮುದುರಿಕೊಂಡರೆ ಹುಳಿಮಜ್ಜಿಗೆಯನ್ನು ನೀರಿನಲ್ಲಿ ಕದಡಿ ಬೇವಿನ ಸೊಪ್ಪಿನ ಕಟ್ಟಿನಿಂದ ಚಿಮುಕಿಸುವುದು. ಗೊಬ್ಬರದ ವಿಷಯದಲ್ಲಂತೂ ಅವಳು ಮಹಾ ಜಿಪುಣಿ. ಚಳಿಗಾಲದಲ್ಲಿ ಕುರಿಗೊಬ್ಬರ ಹಾಕಿದರೆ ಮುಗಿಯಿತು. ಬಿಸಿಲು ಏರಿದ ಮೇಲೆ ಅಕ್ಕಿ ತೊಳೆದ ನೀರು, ತಿಂಗಳಿಗೊಮ್ಮೆ ಒಲೆಯ ಬೂದಿ ಒಂದು ಚಿಟಿಕೆ, ಅಷ್ಟೇ.

"ಪಾಪ ಅಜ್ಜಿ, ಇನ್ನೊಂಚೂರು ಹಾಕು" ಎಂದು ನಾನು ಒಮ್ಮೆ ಅಂದಿದ್ದೆ.

"ಜ್ವರ ಬಂದೋರಿಗೆ ಹೋಳಿಗೆ ಊಟ ಬಡಿಸ್ತಾರಾ?" ಅಂದಳು. "ಈ ಬಿಸ್ಲಲ್ಲಿ ಅವು ಜೀವ ಹಿಡ್ಕಂಡ್ರೆ ಸಾಕು. ಹೊಟ್ಟೆ ಆಮೇಲೆ."

ನಾನು ಮೂರನೆಯ ಕ್ಲಾಸು ಮುಗಿಸಿದ ವರ್ಷದ ಬೇಸಿಗೆಯಲ್ಲಿ ಅಪ್ಪನ ತಂಗಿ ಗೌರತ್ತೆಗೆ ಹೆರಿಗೆಯ ದಿನಗಳು ಹತ್ತಿರವಾದವು. ಚೊಚ್ಚಲು. ತವರಿಗೆ ಬರಬೇಕಾದವಳು. ಆದರೆ ನಮ್ಮ ಎರಡು ಕೋಣೆಯಲ್ಲಿ ಬಾಣಂತಿಗೆ ಮೂಲೆ ಎಲ್ಲಿಂದ ತರುವುದು? ಊರಿನ ಜೊತೆ ಹೋದ ಹಳೆಯ ಮನೆ ಇದ್ದಿದ್ದರೆ ನಡುಮನೆಯಲ್ಲೇ ಮಂಚ ಹಾಕಬಹುದಿತ್ತು. ಕೊನೆಗೆ ಅಜ್ಜಿಯೇ ಆನೇಕಲ್ಲಿನ ಕಡೆಯ ಒಂದು ಹಳ್ಳಿಗೆ, ಮಗಳ ಅತ್ತೆಮನೆಗೆ ಬಾಣಂತನಕ್ಕೆ ಹೊರಟಳು. ಬೀಗರ ಮನೆಯಲ್ಲಿ ಹೋಗಿ ಬಾಣಂತನ ಮಾಡುವುದೆಂದರೆ ನಮ್ಮವರಲ್ಲಿ ತಲೆತಗ್ಗಿಸುವ ಮಾತು. ಅಪ್ಪ ಅವಳ ಗಂಟು ಹೊತ್ತುಕೊಂಡು ಬಸ್ಸಿನವರೆಗೆ ಹೋಗುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಇದನ್ನೂ ಅವನು ತನ್ನ ಲೆಕ್ಕಕ್ಕೇ ಬರೆದುಕೊಂಡಿದ್ದ. ಬಸ್ಸು ಹತ್ತುವ ಮುಂಚೆ ಅಜ್ಜಿ ನನ್ನ ಕಡೆ ತಿರುಗಿದಳು.

"ಮಧ್ಯಾಹ್ನದ ಹೊತ್ತು ಎಲ್ಲಾ ತಲೆ ಬಗ್ಗಿಸ್ಕಂಡು ಸತ್ತೋದಂಗೆ ನಿಂತಿರ್ತವೆ. ನಂಬ್ಬೇಡ. ಸಂಜೆಗೆ ತಾವೇ ಏಳ್ತವೆ. ಆ ಹೊತ್ನಲ್ಲಿ ಕೈ ಹಚ್ಚಬೇಡಿ, ಗೊತ್ತಾಯ್ತಾ? ಹನುಮಾ, ನಿಂಗೂ ಹೇಳ್ತಿರೋದು."

"ಹೂಂ ಅವ್ವ" ಅಂದ ಅಪ್ಪ.

ಮೊದಲ ವಾರ ನಾವು ಅಜ್ಜಿ ಹೇಳಿದ ಹಾಗೆಯೇ ನಡೆದುಕೊಂಡೆವು. ಎರಡನೆಯ ವಾರದ ಭಾನುವಾರ ಅಪ್ಪ ಊಟವಾದ ಮೇಲೆ ಹಿತ್ತಿಲ ಬಾಗಿಲು ತೆಗೆದ. ಬೇರೆ ದಿನಗಳಲ್ಲಿ ಆ ಹೊತ್ತಿಗೆ ಅವನು ಎಲ್ಲೋ ಬಯಲಿನಲ್ಲಿ ಸರಪಳಿ ಎಳೆಯುತ್ತಿರುತ್ತಿದ್ದ, ಭಾನುವಾರ ಅಜ್ಜಿ ಆ ಬಾಗಿಲು ತೆಗೆಯಗೊಡುತ್ತಿರಲಿಲ್ಲ, ಹಾಗಾಗಿ ಬೇಸಿಗೆಯ ಮಧ್ಯಾಹ್ನ ಆ ಗಿಡಗಳನ್ನು ಅವನು ನೋಡಿರಲೇ ಇಲ್ಲ. ಎಲ್ಲವೂ ಎಲೆ ಜೋತುಹಾಕಿಕೊಂಡು ನಿಂತಿದ್ದವು. ಅವನು ಹೊಸ್ತಿಲ ಮೇಲೆ ಕುಕ್ಕರಗಾಲಿನಲ್ಲಿ ಕೂತು ಎಷ್ಟೋ ಹೊತ್ತು ನೋಡುತ್ತಿದ್ದ. ಆಮೇಲೆ ಒಂದು ಚೊಂಬು ನೀರು ತರಲು ಹೇಳಿದ.

"ಅಜ್ಜಿ ಬೇಡ ಅಂದಿದ್ಳಲ್ಲಪ್ಪ."

"ಒಂದೇ ಚೊಂಬು ಕಣೆ. ಹೆಂಗೆ ನೋಡ್ತಾ ಅವೆ ನೋಡು ನಮ್ಮನ್ನ."

ನಾನೂ ನೋಡಿದೆ. ಅವು ನಿಜವಾಗಿಯೂ ನಮ್ಮನ್ನೇ ನೋಡುತ್ತಿವೆ ಅನ್ನಿಸಿತು. ಕಾದ ಮಣ್ಣಿಗೆ ನೀರು ಬಿದ್ದಾಗ ಡಬ್ಬದೊಳಗಿಂದ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಸಂಜೆಗೆ ಗಿಡಗಳು ಎದ್ದು ನಿಂತವು. ಹೇಗೂ ಏಳುತ್ತಿದ್ದವು, ಆದರೆ ನಮ್ಮ ನೀರಿನಿಂದಲೇ ಎದ್ದವೆಂದು ನಾವಿಬ್ಬರೂ ನಂಬಿದೆವು. ಮರುದಿನದಿಂದ ಅಪ್ಪ ಕೆಲಸಕ್ಕೆ ಹೊರಡುವಾಗ ನನಗೆ ಹೇಳಿಹೋಗುತ್ತಿದ್ದ, ಮಧ್ಯಾಹ್ನದ ಚೊಂಬು ಮರೆಯಬೇಡ ಎಂದು. ಅವನು ನನಗೆ ಒಂದು ಕೆಲಸ ನಂಬಿ ಒಪ್ಪಿಸಿದ್ದು ಅದೇ ಮೊದಲು. ಅಮ್ಮ ಮಲಗಿದ ಹೊತ್ತಿನಲ್ಲಿ ನಾನು ಉರಿಯುವ ನೆಲದ ಮೇಲೆ ತುದಿಗಾಲಿನಲ್ಲಿ ಕುಣಿಯುತ್ತ ಒಂದೊಂದು ಡಬ್ಬಕ್ಕೂ ನೀರು ಹಾಕುತ್ತಿದ್ದೆ. ನೀರು ಹಾಕುವಾಗ ಅವುಗಳಿಗೆ "ತಪ್ಪಾಯ್ತು, ತಪ್ಪಾಯ್ತು" ಎಂದು ಹೇಳುತ್ತಿದ್ದೆ.

ನೀರಿನಿಂದ ಗೊಬ್ಬರಕ್ಕೆ ಹೋಗಲು ಹೆಚ್ಚು ದಿನ ಹಿಡಿಯಲಿಲ್ಲ. ಗಿಡ ಬಾಡುವುದನ್ನು ಅಪ್ಪ ಹಸಿವೆಂದು ತಿಳಿದ. ರೈತನ ಮಗ, ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಬೇರೆಯವರ ಗಿಡವಾಗಿದ್ದರೆ ಒಂದೇ ನೋಟಕ್ಕೆ ಸರಿಯಾಗಿ ಹೇಳುತ್ತಿದ್ದ. ಇವು ಅವ್ವನ ಗಿಡಗಳು. ಅವಳಿಂದ ಒಂದು ಹೊಲವನ್ನೇ ಕಿತ್ತುಕೊಂಡೆ ಎಂದುಕೊಂಡವನಿಗೆ ಚಿಟಿಕೆ ಬೂದಿ ಹಾಕಿ ಕೈ ಕಟ್ಟಿ ಕೂರುವುದು ಸಾಧ್ಯವಾಗಲಿಲ್ಲ. ಕಡಲೇಕಾಯಿ ಹಿಂಡಿ ತಂದು ನೆನೆಸಿ ಬುಡಕ್ಕೆ ಸುರಿದ. ಸವೆದ ಪಂಚೆ ತೆಗೆದು ದಪ್ಪನೆಯ ಕಂಬಳಿ ಕಟ್ಟಿದ. ಕೊನೆಗೆ ಯಾರೋ ಹೇಳಿದರೆಂದು ಸಕ್ಕರೆಯಂತೆ ಬೆಳ್ಳಗಿದ್ದ ಸೀಮೆಗೊಬ್ಬರವನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಬಂದ.

"ಅತ್ತೆ ಇದ್ಯಾವ್ದೂ ಹಾಕ್ತಿರ್ಲಿಲ್ಲ ಕಣ್ರೀ" ಅಂದಳು ಅಮ್ಮ. "ಸುಮ್ನೆ ಇರೋಕೆ ನಿಮ್ಗೇನ್ ಕಷ್ಟ?"

"ಅವ್ವ ಬರೋ ಹೊತ್ಗೆ ಒಂದೊಂದ್ರಲ್ಲೂ ಮಡಿಲು ತುಂಬ ಕಾಯಿರ್ಬೇಕು" ಅಂದ ಅಪ್ಪ. ಹಾಗೆ ಹೇಳುವಾಗ ಅವನ ಮುಖದಲ್ಲಿ ಅಪರೂಪದ ಸಂತೋಷವಿತ್ತು. ಅದನ್ನು ನೋಡಿ ಅಮ್ಮ ಒಳಗೆ ಹೋದಳು. ನಾನಂತೂ ಕಾಗದದ ಪೊಟ್ಟಣ ಹಿಡಿದುಕೊಂಡು ಅವನ ಹಿಂದೆ ಹಿಂದೆ ನಡೆದೆ. ಅವನು ಕೈ ಚಾಚಿದಾಗಲೆಲ್ಲ ಒಂದೊಂದು ಹಿಡಿ ಹಾಕಿಕೊಟ್ಟೆ. ಮೆಣಸಿನಕಾಯಿಯನ್ನು ಕೈಗೆ ಕೊಡಬಾರದು, ಗೊಬ್ಬರವನ್ನು ಕೊಡಬಾರದೆಂದು ಯಾರೂ ಹೇಳಿರಲಿಲ್ಲ.

ಮೊದಲು ಗಿಡಗಳು ಕಪ್ಪುಹಸಿರಿಗೆ ತಿರುಗಿ ತಳತಳ ಹೊಳೆದವು. ಅಪ್ಪ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಲ್ಲೇ ನಿಂತಿರುತ್ತಿದ್ದ, ಶಿಳ್ಳೆ ಕೂಡ ಹಾಕಿದ್ದು ನೆನಪಿದೆ. ಆಮೇಲೆ ಎಲೆಯ ಅಂಚು ಸುಟ್ಟ ಹಪ್ಪಳದ ಬಣ್ಣಕ್ಕೆ ಬಂತು. ಹೂವು ಉದುರಿತು. ಮಧ್ಯಾಹ್ನ ಬಾಡಿದ ಗಿಡ ಸಂಜೆಗೆ ಏಳಲಿಲ್ಲ. ನಾವು ಇನ್ನಷ್ಟು ನೀರು ಹಾಕಿದೆವು. ಒಂದೊಂದಾಗಿ ಎಲ್ಲವೂ ಹೋದವು, ಪಾತಿಯವು ಮೊದಲು, ಡಬ್ಬದವು ಆಮೇಲೆ. ಒಣಗಿದ ಕಡ್ಡಿಗಳನ್ನು ಕೀಳಲು ಅಪ್ಪನಿಗೆ ಧೈರ್ಯ ಬರಲಿಲ್ಲ. ಸಂಜೆ ಕೆಲಸದಿಂದ ಬಂದು ಹಿತ್ತಿಲ ಬಾಗಿಲು ತೆಗೆಯದೆ ಮುಂದಿನ ಜಗುಲಿಯ ಮೇಲೇ ಕೂರತೊಡಗಿದ. ನಾನು ಅವನ ಪಕ್ಕದಲ್ಲಿ ಕೂರುತ್ತಿದ್ದೆ. ನನಗೆ ಊಟ ಸೇರುತ್ತಿರಲಿಲ್ಲ. ಅಜ್ಜಿ ಬರುವುದೇ ಬೇಡ, ಗೌರತ್ತೆಯ ಮಗುವಿಗೆ ಸಣ್ಣ ನೆಗಡಿಯಾದರೂ ಆಗಿ ಅವಳು ಅಲ್ಲೇ ನಿಲ್ಲಲಿ ಎಂದು ಬೇಡಿಕೊಂಡಿದ್ದೂ ಉಂಟು. ಬೇಡಿಕೊಂಡ ಮರುಗಳಿಗೆ ಆ ಮಗುವಿನ ನೆನಪಾಗಿ ಅದಕ್ಕೂ ತಪ್ಪಾಯ್ತು ಅಂದುಕೊಳ್ಳುತ್ತಿದ್ದೆ.

ಮೊದಲ ಮಳೆಯ ಮೋಡ ಕಟ್ಟಿದ್ದ ಒಂದು ಮಧ್ಯಾಹ್ನ ಅಜ್ಜಿ ಬಂದಳು. ಅವತ್ತು ಭಾನುವಾರ, ಅಪ್ಪ ಮನೆಯಲ್ಲಿದ್ದ. ಮೊಮ್ಮಗ ಹೇಗಿದ್ದಾನೆಂದು ಹೇಳುತ್ತಲೇ ಗಂಟು ಇಳಿಸಿ, ಕಾಲು ತೊಳೆಯಲು ಬಚ್ಚಲಿಗೆ ಹೋದವಳು ಹಿತ್ತಿಲ ಬಾಗಿಲು ತೆಗೆದಳು. ನಾವು ಮೂವರೂ ಅಡುಗೆಮನೆಯಲ್ಲಿ ಹಾಗೇ ನಿಂತೆವು. ಅವಳು ಒಂದು ಡಬ್ಬದಿಂದ ಕಡ್ಡಿ ಕಿತ್ತು ಬೇರು ಮೂಸಿ ನೋಡಿದಳು. ಮಣ್ಣಿನ ಮೇಲೆ ಕಟ್ಟಿದ್ದ ಬಿಳಿ ಪೊರೆಯನ್ನು ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿ ಉಗಿದಳು.

"ನಾನೇ ಅವ್ವ" ಅಂದ ಅಪ್ಪ, ಅವಳು ಕೇಳುವ ಮುಂಚೆಯೇ.

"ನಾನೂ ಅಜ್ಜಿ" ಅಂದೆ ನಾನು.

ಅಜ್ಜಿ ಒಳಗೆ ಬಂದು ಕೈ ತೊಳೆದುಕೊಂಡಳು. ಒಲೆಯ ಮುಂದಿನ ಮಣೆಯ ಮೇಲೆ ಕೂತಳು. ಬೈಗುಳಕ್ಕಾಗಿ ಕಾಯುತ್ತ ಅಪ್ಪ ಅವಳ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಕಡೆಗೆ ಅವನೇ ಹೇಳಿದ.

"ಬೈಯವ್ವ. ಎರಡು ಏಟಾದ್ರೂ ಹಾಕು. ಸುಮ್ನೆ ಕೂರ್ಬೇಡ."

ಅಜ್ಜಿ ಎದ್ದಳು. ಒಲೆಯ ಮೇಲಿನ ತೊಲೆಗೆ, ಹೊಗೆ ತಾಗುವ ಜಾಗದಲ್ಲಿ, ಬೀಜಕ್ಕೆಂದು ಕಟ್ಟಿಟ್ಟ ಹಣ್ಣುಮೆಣಸಿನಕಾಯಿಯ ಸಣ್ಣ ಗೊಂಚಲೊಂದು ಯಾವಾಗಲೂ ತೂಗುತ್ತಿತ್ತು. ಹೊಲದ ಕೊನೆಯ ಹಣ್ಣುಗಳಿಂದ ಶುರುವಾದ ತಳಿ ಅದು, ಪ್ರತಿ ವರ್ಷ ಹಳೆಯದನ್ನು ಬಿತ್ತಿ ಹೊಸದನ್ನು ಕಟ್ಟುತ್ತಿದ್ದಳು. ಹೊಗೆಗೆ ಕಪ್ಪಾಗಿದ್ದ ಆ ಗೊಂಚಲಿನಿಂದ ಒಂದಷ್ಟು ಕಾಯಿ ಮುರಿದುಕೊಂಡು ಅಂಗೈಯಲ್ಲಿಟ್ಟು ಅಪ್ಪನ ಕಡೆ ಚಾಚಿದಳು. ಅಭ್ಯಾಸದಂತೆ ಅಮ್ಮ ಮೊರ ತಂದು ನಡುವೆ ಹಿಡಿದಳು. ಅಜ್ಜಿ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಇಸ್ಕೊ" ಅಂದಳು ಅಪ್ಪನಿಗೆ.

"ಕೆಳಗಿಡವ್ವ. ಕೈಗೆ ಕೊಟ್ರೆ ಜಗಳ ಬತ್ತದೆ."

"ಬರ್ಲಿ ಅಂತ್ಲೇ ಕೊಡ್ತಿರೋದು. ಹೊಲ ಹೋದಾಗ ಹೋಯ್ತು ಅಂದ್ಕಂಡೆ. ನನ್ ಮಗನೂ ಅದ್ರ ಜೊತೆ ಹೋಗ್ಬೇಕಿತ್ತಾ? ಎಷ್ಟು ವರ್ಷ ಆಯ್ತು ನೀನು ನಂಗೆ ಎದುರು ಮಾತಾಡಿ? ಹೂಂ ಅವ್ವ, ಹೂಂ ಅವ್ವ. ನಾನೇನು ಹೆಣಾನಾ? ಗಿಡಾನೂ ಹಂಗೇ ಸಾಯ್ಸಿದ್ದೀಯ ನೀನು, ಉಪಚಾರ ಮಾಡಿ ಮಾಡಿ. ಹಿಡಿ ಕೈ."

ಅಪ್ಪ ಕೈ ಚಾಚಿದ. ಅಜ್ಜಿ ಕಾಯಿಗಳನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಆಮೇಲೆ ಅಪ್ಪ, ನಾನು ಎಂದೂ ಕೇಳಿರದ ದನಿಯಲ್ಲಿ, ಮೊದಲು ಮೆಲ್ಲಗೆ ಶುರು ಮಾಡಿದ.

"ನಾನು ಹಿಡೀದೆ ಇದ್ರೂ ಇನ್ಯಾರೋ ಹಿಡೀತಿದ್ರು ಆ ಸರಪಳೀನ. ನಿಂಗದು ಗೊತ್ತಿತ್ತು. ಗೊತ್ತಿದ್ದೂ ಬದುವಿನ ಮೇಲೆ ಬಾಯಿ ಮುಚ್ಕಂಡು ಕೂತಿದ್ದೆ. ಅವತ್ತು ಒಂದ್ ಮಾತು ಬೈದಿದ್ರೆ ಏನಾಗ್ತಿತ್ತು ನಿಂಗೆ? ಮನೇಲಿ ಹಸುಗೂಸು, ನಾನು ಕೆಲ್ಸ ಬಿಟ್ಟು ಎಲ್ಲಿಗೆ ಹೋಗ್ಬೇಕಿತ್ತು?"

"ಹಂಗ್ ಕೇಳು" ಅಂದಳು ಅಜ್ಜಿ. "ಅದ್ನ ಅವತ್ತೇ ಕೇಳೋಕೆ ನಿನ್ ಬಾಯಿಗೇನಾಗಿತ್ತು?"

ಆಮೇಲಿನದನ್ನು ನಾನು ಪೂರ್ತಿ ಹೇಳಲಾರೆ. ಇಬ್ಬರೂ ಒಟ್ಟೊಟ್ಟಿಗೆ ಕೂಗುತ್ತಿದ್ದರು. ಹೊಲ, ಬಾವಿ, ಗೌರತ್ತೆಯ ಬಾಣಂತನ, ಸತ್ತ ತಾತ, ಖಾರದ ಗೊಜ್ಜು, ಎಲ್ಲವೂ ಹೊರಗೆ ಬಂದವು. ಗೊಜ್ಜನ್ನು ತಿನ್ನಲಾಗದೆ ವರ್ಷಗಟ್ಟಲೆ ಹೊಟ್ಟೆ ಉರಿದದ್ದನ್ನು ಅಪ್ಪ ಹೇಳಿದಾಗ ಅಜ್ಜಿ ನಗುತ್ತಲೇ ಅಳುತ್ತಿದ್ದಳು. ಎದುರುಮನೆಯವರು ಜಗುಲಿಗೆ ಬಂದು ನಿಂತರು. ಅಮ್ಮ ಬಾಗಿಲು ಹಾಕಲು ಹೋಗಿ, ಹಾಕದೆ ವಾಪಸು ಬಂದಳು. ನಾನೊಬ್ಬಳು ಬಚ್ಚಲ ಮೂಲೆಯಲ್ಲಿ ಹಂಡೆಗೆ ಆತುಕೊಂಡು ನಿಂತು ಬಿಕ್ಕುತ್ತಿದ್ದೆ. ಇದೆಲ್ಲ ನಾನು ಹಾಕಿದ ನೀರಿನಿಂದ, ನಾನು ಹಿಡಿದುಕೊಟ್ಟ ಗೊಬ್ಬರದಿಂದ ಆಯಿತು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಕೂಗಾಟ ತಣ್ಣಗಾಗುವ ಹೊತ್ತಿಗೆ ಮಳೆಯ ದೊಡ್ಡ ಹನಿಗಳು ಹೆಂಚಿನ ಮೇಲೆ ಬೀಳತೊಡಗಿದ್ದವು. ಅಪ್ಪ ಮೂಗು ಒರೆಸಿಕೊಂಡು, ಮುಷ್ಟಿಯಲ್ಲಿದ್ದ ಬೀಜದ ಕಾಯಿಗಳನ್ನು ಜೇಬಿಗೆ ಹಾಕಿ, ಸತ್ತ ಗಿಡಗಳನ್ನು ಕೀಳಲು ಹಿತ್ತಿಲಿಗೆ ಹೋದ. ನೆಟ್ಟಗೆ ನಡೆದುಕೊಂಡು ಹೋದ.

ಆ ಮೇಲೆ ಅವರಿಬ್ಬರೂ ಅಜ್ಜಿ ಇರುವವರೆಗೂ ಚೆನ್ನಾಗಿ ಜಗಳವಾಡಿದರು. ಗೊಜ್ಜು ಖಾರವಾದರೆ ಅಪ್ಪ ತಟ್ಟೆಯನ್ನೇ ದೂರ ತಳ್ಳತೊಡಗಿದ. ಬೀಜ ಮೊಳೆಯಿತು, ಗಿಡಗಳೂ ಬಂದವು. ನನ್ನ ಕಥೆ ಮಾತ್ರ ಬೇರೆಯಾಯಿತು. ಶಾಲೆಯಲ್ಲಿ, ಗಂಡನ ಮನೆಯಲ್ಲಿ, ಕೆಲಸ ಮಾಡಿದ ಕಡೆ, ಎಲ್ಲೂ ನಾನು ಯಾರೊಂದಿಗೂ ಜಗಳವಾಡಿದವಳಲ್ಲ. ಬಹಳ ಒಳ್ಳೆಯವಳು ಎಂದು ಎಲ್ಲರೂ ಹೇಳುತ್ತಾರೆ. ಮನೆಯಲ್ಲಿ ಯಾರ ಮುಖ ಬಾಡಿದರೂ ನಾನೇ ಕಾರಣವೆಂದು ತಿಳಿದು ಹೊತ್ತಲ್ಲದ ಹೊತ್ತಿನಲ್ಲಿ ಉಪಚಾರಕ್ಕೆ ಓಡುತ್ತೇನೆ. ನನ್ನ ಮಕ್ಕಳಿಗೆ ಅದರಿಂದ ಉಸಿರು ಕಟ್ಟಿದ್ದುಂಟು, ಅವರು ಅದನ್ನು ನನಗೆ ಹೇಳಿದ್ದೂ ಉಂಟು. ಆಗಲೂ ನಾನು ತಪ್ಪಾಯಿತು ಎಂದೆನೇ ಹೊರತು ಎದುರು ಮಾತಾಡಲಿಲ್ಲ.

ಜಗಳವಾದ ಆ ದಿನದ ಇನ್ನೊಂದು ಗಳಿಗೆ ಆಗಾಗ ಕಣ್ಣ ಮುಂದೆ ಬರುತ್ತದೆ. ಅಪ್ಪ ಹಿತ್ತಿಲಿಗೆ ಹೋದ ಮೇಲೆ ಅಜ್ಜಿ ನನ್ನನ್ನು ಹಂಡೆಯ ಹಿಂದಿನಿಂದ ಕರೆದಳು. ಗೊಂಚಲಿನಿಂದ ಇನ್ನೊಂದು ಕಾಯಿ ಮುರಿದು, ಅಪ್ಪನಿಗೆ ಚಾಚಿದ ಹಾಗೆಯೇ ನನ್ನ ಕಡೆಗೂ ಅಂಗೈ ಚಾಚಿದಳು.

"ನೀನೂ ಇಸ್ಕೊ ಪುಟ್ಟಿ. ಒಂದ್ ಡಬ್ಬ ನಿಂದು."

ನನಗೆ ಅದು ಬೇಕಾಗಿತ್ತು. ಆದರೆ ಜಗಳ ಬಂದರೆ ಎಂದು ಕೈ ಮುಂದೆ ಬರಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಮೊರವನ್ನು ತೆಗೆದುಕೊಂಡು ಅವಳ ಮುಂದೆ ಹಿಡಿದೆ. ಅಜ್ಜಿ ನನ್ನ ಮುಖವನ್ನೂ ಮೊರವನ್ನೂ ನೋಡಿದಳು.

"ನೀನೂ ನಿಮ್ಮಪ್ಪನಂಗೆ ಶುರು ಮಾಡ್ಕಂಡ್ಯಾ ಮಗಳೇ" ಎಂದು ಮೆಲ್ಲಗೆ ಹೇಳಿ, ಕಾಯಿಯನ್ನು ಮೊರಕ್ಕೆ ಹಾಕಿದಳು.